ಲೆಫೆವ್ರ್ ಎಂಬ ಕುಲನಾಮದಲ್ಲಿ ಬಕಾರದ ವಿಚಾರ

೧. ವಿಷಯ

ಫ್ರಾನ್ಸ್ ದೇಶದ ಕುಲನಾಮಗಳಲ್ಲಿ ಲೆಫೆವ್ರ್ ಎಂಬುದು ಅತ್ಯಂತ ಪ್ರಚುರವಾದವುಗಳಲ್ಲಿ ಒಂದು. ಇದಕ್ಕೆ ಕಮ್ಮಾರನೆಂಬ ಅರ್ಥವೆಂಬುದರಲ್ಲಿ ವಿದ್ವಾಂಸರಿಗೆ ವಿಪ್ರತಿಪತ್ತಿಯಿಲ್ಲ. ವಿಚಾರಕ್ಕೆ ಅವಕಾಶವಿರುವುದು ಇದನ್ನು ಬರೆಯುವ ಕ್ರಮದಲ್ಲಿ. ಒಂದೇ ಹೆಸರು ಫ್ರೆಂಚರಲ್ಲಿ ಮುಖ್ಯವಾಗಿ ಮೂರು ಬಗೆಯಾಗಿ ಬರೆಯಲ್ಪಡುತ್ತದೆ. ಮೊದಲನೆಯ ರೂಪದಲ್ಲಿ ವಕಾರ ಮಾತ್ರವುಂಟು, ಬಕಾರವಿಲ್ಲ; ಇದನ್ನು ಲೆಫೆವ್ರ್ ಎಂದು ಉಚ್ಚರಿಸುತ್ತಾರೆ. ಎರಡನೆಯದರಲ್ಲಿ ಆ ವಕಾರದ ಹಿಂದೆ ಬಕಾರವೊಂದು ಸೇರಿ, ಅಕ್ಷರವನ್ನು ಅನುಸರಿಸಿ ಹೇಳುವುದಾದರೆ ಲೆಫೆಬ್‌ವ್ರ್ ಎಂದಾಗುತ್ತದೆ. ಆದರೆ ಓದುವಾಗ ಆ ಬಕಾರ ಕೇಳಿಸದು, ಇದೂ ಲೆಫೆವ್ರ್ ಎಂದೇ ನುಡಿಯಲ್ಪಡುವುದು. ಮೂರನೆಯದರಲ್ಲಿ ಬಕಾರದ ಮುಂದೆ ವಕಾರದ ಸ್ಥಾನದಲ್ಲಿ ಉಕಾರವಿದೆ. ಇದನ್ನು ಧರಿಸಿದ ಮನೆತನದವರು ಬಕಾರವನ್ನು ಸ್ಪಷ್ಟವಾಗಿ ನುಡಿದು ಲೆಫೆಬ್ಯೂರ್ ಎನ್ನುತ್ತಾರೆ.

ಈ ಮೂರು ರೂಪಗಳನ್ನು ಉದಾಹರಣೆಯಾಗಿಟ್ಟುಕೊಂಡು ಶಾಸ್ತ್ರೀಯವಾದ ಒಂದು ಸಿದ್ಧಾಂತವನ್ನು ಹೇಳಿದವರು ಜಿನೀವಾ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತವನ್ನೂ ತೌಲನಿಕ ವ್ಯಾಕರಣವನ್ನೂ ಬೋಧಿಸುತ್ತಿದ್ದ ಫರ್ದಿನಾಂ ದ ಸೋಸ್ಯೂರ್ ಅವರು (೧೮೫೭–೧೯೧೩). ಅವರ ಪಾಠಗಳನ್ನು ಶಿಷ್ಯರ ಟಿಪ್ಪಣಿಗಳಿಂದ ಸಂಗ್ರಹಿಸಿ ಬಾಲಿ, ಸೆಶೆಹೇ ಎಂಬಿಬ್ಬರು ವಿದ್ವಾಂಸರು ೧೯೧೬ರಲ್ಲಿ ಪ್ರಕಟಿಸಿದ ಸಾಮಾನ್ಯ ಭಾಷಾಶಾಸ್ತ್ರದ ಗ್ರಂಥದಲ್ಲಿ, ಲಿಪಿಗೂ ಭಾಷೆಗೂ ಇರುವ ಸಂಬಂಧವನ್ನು ಕುರಿತ ಅಧ್ಯಾಯದ ಕೊನೆಯ ಭಾಗದಲ್ಲಿ ಈ ಕುಲನಾಮವು ಬಂದಿದೆ. ಅಂದಿನಿಂದ ಲೆಫೆಬ್ಯೂರ್ ಎಂಬುದು ಭಾಷಾಶಾಸ್ತ್ರದ ಪಾಠಶಾಲೆಗಳಲ್ಲಿ ಲಿಪಿಯು ಮಾತನ್ನು ಕೆಡಿಸುವುದಕ್ಕೆ ನಿದರ್ಶನವಾಗಿ ನಿಂತುಬಿಟ್ಟಿದೆ. ಆ ನಿದರ್ಶನವು ಎಷ್ಟರಮಟ್ಟಿಗೆ ಸಾಧುವೆಂಬುದೇ ಪ್ರಕೃತ ವಿಚಾರಣೀಯವಾದ ಅಂಶ.

೨. ವ್ಯುತ್ಪತ್ತಿ

ಹೆಸರಿನ ಮೊದಲಲ್ಲಿರುವ ಲ ಎಂಬುದು ಫ್ರೆಂಚ್ ಭಾಷೆಯ ಪುಲ್ಲಿಂಗದ ನಿರ್ದೇಶಕ ಪದ. ಆಂಗ್ಲಭಾಷೆಯ ‘ದಿ’ ಎಂಬುದರ ಸ್ಥಾನದಲ್ಲಿರುವಂಥದು. ಉಳಿದ ಫೆವ್ರ್ ಎಂಬುದು ಲ್ಯಾಟಿನ್ ಭಾಷೆಯ ಫಾಬೆರ್ ಎಂಬ ಶಬ್ದದ ತದ್ಭವ. ರೋಮಕರಲ್ಲಿ ಫಾಬೆರ್ ಎಂದರೆ ಕಠಿನವಾದ ದ್ರವ್ಯದಲ್ಲಿ ಕೆಲಸಮಾಡುವ ಶಿಲ್ಪಿ. ಕಬ್ಬಿಣದವನು, ಮರದವನು, ಕಂಚಿನವನು ಎಂಬ ಭೇದವನ್ನು ಬೇರೆ ವಿಶೇಷಣಗಳಿಂದ ಹೇಳುತ್ತಿದ್ದರು. ಕಾಲಕ್ರಮದಲ್ಲಿ ಗಾಲ್ ದೇಶದ ಲ್ಯಾಟಿನ್ನಿನಲ್ಲಿ ಅರ್ಥವು ಸಂಕುಚಿತವಾಗಿ, ವಿಶೇಷಣವಿಲ್ಲದೆಯೇ ಆ ಶಬ್ದವು ಕಬ್ಬಿಣದ ಕೆಲಸದವನಲ್ಲಿ ನಿಂತಿತು.

ಲ್ಯಾಟಿನ್ನಿನ ಬಕಾರವು ಸ್ವರದ ಮುಂದೆ ರೇಫದ ಹಿಂದೆ ಬಂದರೆ ಫ್ರೆಂಚಿನಲ್ಲಿ ವಕಾರವಾಗುವುದು ನಿಯತವಾದ ವಿಕಾರ. ಗ್ರಂಥವಾಚಕವಾದ ಲಿಬ್ರುಮ್ ಎಂಬುದು ಲೀವ್ರ್ ಎಂದೂ, ಜ್ವರವಾಚಕವಾದ ಫೆಬ್ರೆಮ್ ಎಂಬುದು ಫ್ಯೆವ್ರ್ ಎಂದೂ, ತುಟಿಯನ್ನು ಹೇಳುವ ಲಾಬ್ರಾ ಎಂಬುದು ಲೆವ್ರ್ ಎಂದೂ ಆದಂತೆ, ದ್ವಿತೀಯಾಂತವಾದ ಫಾಬ್ರುಮ್ ಎಂಬುದು ಫೆವ್ರ್ ಎಂದಾಯಿತು. ಆದಕಾರಣ ಫೆವ್ರ್ ಎಂಬಲ್ಲಿರುವ ವಕಾರವೇ ಹಳೆಯ ಬಕಾರ. ಈ ಒಂದು ಅಂಶವನ್ನು ನೆನಪಿನಲ್ಲಿಡಬೇಕು. ಮುಂದಿನ ವಿಚಾರವೆಲ್ಲ ಇದನ್ನು ಆಶ್ರಯಿಸಿದೆ.

ಸಾಮಾನ್ಯ ನಾಮವಾಗಿ ಫೆವ್ರ್ ಎಂಬ ಶಬ್ದವು ಫ್ರೆಂಚ್ ಭಾಷೆಯಲ್ಲಿ ಈಗ ಇಲ್ಲ. ಕಮ್ಮಾರನನ್ನು ಫೋರ್ಜರೋಂ ಎನ್ನುತ್ತಾರೆ. ಇದು ಕುಲುಮೆಯ ಕೆಲಸವನ್ನು ಹೇಳುವ ಧಾತುವಿನಿಂದ ಬಂದ ಬೇರೆ ಶಬ್ದ. ಫೆವ್ರ್ ಉಳಿದಿರುವುದು ಎರಡು ಕಡೆ ಮಾತ್ರ: ಅಕ್ಕಸಾಲೆಯನ್ನು ಹೇಳುವ ಓರ್‌ಫೆವ್ರ್ ಎಂಬ ಸಮಾಸದಲ್ಲಿ ಮತ್ತು ಕುಲನಾಮಗಳಲ್ಲಿ.

೩. ಪ್ರಚಾರ

ಫ್ರೆಂಚರ ಕುಲನಾಮಗಳನ್ನು ಸ್ಥೂಲವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸುವುದು ವಾಡಿಕೆ. ಪೂರ್ವಿಕನ ದೀಕ್ಷಾನಾಮವೇ ಕುಲನಾಮವಾದದ್ದು ಮೊದಲನೆಯ ವರ್ಗ. ಮಾರ್ತ್ಯಾಂ ಎಂಬುದು ಈ ಬಗೆಯದು, ದೇಶದಲ್ಲೆಲ್ಲ ಅತಿ ಹೆಚ್ಚು ಜನ ಧರಿಸಿರುವ ಹೆಸರೂ ಇದೇ. ವಾಸಸ್ಥಾನದಿಂದ ಬಂದದ್ದು ಎರಡನೆಯದು. ಕಾಡಿನವನೆಂಬ ಅರ್ಥವುಳ್ಳ ದ್ಯುಬ್ವಾ ಎಂಬುದು ಇದಕ್ಕೆ ಉದಾಹರಣೆ. ದೇಹಲಕ್ಷಣಾದಿಗಳಿಂದ ಬಂದ ಅಡ್ಡಹೆಸರುಗಳು ಮೂರನೆಯವು. ಚಿಕ್ಕವನೆಂಬ ಅರ್ಥದ ಪತೀ ಎಂಬುದು ಇಂಥದು. ವೃತ್ತಿಯಿಂದ ಬಂದವು ನಾಲ್ಕನೆಯವು. ಲೆಫೆವ್ರ್ ಈ ವರ್ಗಕ್ಕೆ ಸೇರಿದೆ.

ವೃತ್ತಿನಾಮಗಳಲ್ಲಿ ಕಮ್ಮಾರನ ಹೆಸರೇ ಇಷ್ಟು ಹರಡಿರುವುದಕ್ಕೆ ಕಾರಣವು ಆ ವೃತ್ತಿಯವರ ಬಾಹುಳ್ಯವಲ್ಲ. ಹೆಸರೆಂಬುದು ಒಬ್ಬನನ್ನು ಇತರರಿಂದ ಬೇರ್ಪಡಿಸುವುದಕ್ಕಾಗಿ ಇರುವಂಥದು. ಊರಿನಲ್ಲಿ ಎಲ್ಲರೂ ಉಳುವವರೇ ಆಗಿರುವಾಗ ಒಬ್ಬನನ್ನು ರೈತನೆಂದು ಕರೆದು ಪ್ರಯೋಜನವಿಲ್ಲ. ಕಮ್ಮಾರನಾದರೋ ಊರಿಗೊಬ್ಬನು, ನೇಗಿಲಿನ ಗುಳವೂ ಕುದುರೆಯ ಲಾಳವೂ ಅವನಿಂದಲೇ ಆಗಬೇಕು. ಆದುದರಿಂದ ‘ಆ ಕಮ್ಮಾರ’ ಎಂದರೆ ಇಂಥವನೆಂದು ಊರಿಗೆಲ್ಲ ತಿಳಿಯುತ್ತಿತ್ತು. ಊರೂರಿನಲ್ಲಿಯೂ ಹೀಗೆ ಪ್ರತ್ಯೇಕವಾಗಿ ಹುಟ್ಟಿದ ಹೆಸರು ಇದು; ಎಲ್ಲ ಲೆಫೆವ್ರರಿಗೂ ಮೂಲಪುರುಷನು ಒಬ್ಬನೇ ಎಂದು ತಿಳಿಯಕೂಡದು. ಆಂಗ್ಲರ ಸ್ಮಿತ್, ಜರ್ಮನರ ಶ್ಮಿಟ್, ಹಂಗೇರಿಯವರ ಕೊವಾಚ್, ರಷ್ಯರ ಕುಜ್ನೆತ್ಸೋವ್ ಎಂಬ ಹೆಸರುಗಳ ಪ್ರಾಚುರ್ಯಕ್ಕೂ ಇದೇ ಕಾರಣ.

ದೇಶಭೇದದಿಂದ ಈ ಹೆಸರಿನ ರೂಪಗಳು ಬೇರೆಬೇರೆಯಾಗಿವೆ. ನಿರ್ದೇಶಕ ಪದವನ್ನು ಮೊದಲಲ್ಲಿಟ್ಟುಕೊಂಡ ಲೆಫೆವ್ರ್ ಎಂಬುದು ಉತ್ತರದ ರೂಪ. ಅದರಲ್ಲಿಯೂ ಬಕಾರವುಳ್ಳ ಬರವಣಿಗೆಯು ಫ್ಲಾಂಡರ್ಸ್, ಆರ್ತ್ವಾ, ಪಿಕಾರ್ಡಿ, ನಾರ್ಮಂಡಿ ಪ್ರಾಂತಗಳಲ್ಲಿ ದಟ್ಟವಾಗಿದೆ. ಫ್ರೆಂಚ್ ಮಹಾಕ್ರಾಂತಿಯ ಚರಿತ್ರಕಾರರಾದ ಜಾರ್ಜ್ ಲೆಫೆವ್ರರು (೧೮೭೪–೧೯೫೯) ಈ ಬಕಾರಸಹಿತವಾದ ಹೆಸರಿನವರು; ಅವರು ಹುಟ್ಟಿದ ಊರು ಉತ್ತರದ ಲೀಲ್ ಪಟ್ಟಣ. ದಕ್ಷಿಣದಲ್ಲಿ ನಿರ್ದೇಶಕ ಪದವಿಲ್ಲದೆ ಫಾಬ್ರ್, ಫೋರ್ ಎಂಬ ರೂಪಗಳೂ, ಸವಾಯ್ ಮತ್ತು ಅದರ ಸುತ್ತಲ ಆಲ್ಪ್ಸ್ ಪ್ರದೇಶದಲ್ಲಿ ಫಾವ್ರ್ ಎಂಬ ರೂಪವೂ ಕಾಣುತ್ತವೆ. ಕೀಟಗಳ ಜೀವನವನ್ನು ವರ್ಣಿಸಿ ಪ್ರಸಿದ್ಧರಾದ ಜಾಂ ಆನ್ರಿ ಫಾಬ್ರ್ (೧೮೨೩–೧೯೧೫) ದಕ್ಷಿಣದ ಅವೇರೋಂ ಪ್ರಾಂತದವರು. ಬ್ರಿಟನಿಯಲ್ಲಿ ಕೆಲ್ಟ್ ಭಾಷೆಯ ಲ ಗೋಫ್ ಎಂಬುದೂ, ಆಲ್ಸೇಸಿನಲ್ಲಿ ಜರ್ಮನ್ ಭಾಷೆಯ ಶ್ಮಿಟ್ ಎಂಬುದೂ ಇದೇ ಅರ್ಥದಲ್ಲಿ ನಡೆಯುತ್ತವೆ.

ಫ್ರಾನ್ಸಿನ ರಾಷ್ಟ್ರೀಯ ಅಂಕಿಅಂಶಗಳ ಸಂಸ್ಥೆಯು ೧೮೯೧ರಿಂದೀಚಿನ ಜನನಗಳನ್ನು ಆಧರಿಸಿ ಸಿದ್ಧಪಡಿಸಿದ ಪಟ್ಟಿಯಲ್ಲಿ ಬಕಾರಸಹಿತವಾದ ರೂಪವು ಮೊದಲ ೨೦ ಕುಲನಾಮಗಳೊಳಗೆ ಬರುತ್ತದೆ. ಬಕಾರರಹಿತವಾದದ್ದು, ಫೋರ್, ಫಾಬ್ರ್ ಇವೆಲ್ಲ ಮೊದಲ ನೂರರೊಳಗೆ ಬೇರೆಬೇರೆ ಸ್ಥಾನಗಳಲ್ಲಿ ಇವೆ. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಇಂಥ ಪಟ್ಟಿಗಳು ಎಣಿಸುವುದು ಅಕ್ಷರಗಳ ಜೋಡಣೆಯನ್ನೇ ಹೊರತು ಶಬ್ದವನ್ನಲ್ಲ. ಕಿವಿಗೆ ಒಂದೇ ಆಗಿ ಕೇಳಿಸುವ ಎರಡು ಲೆಫೆವ್ರ್‌ಗಳು ಬಕಾರವೊಂದರ ದೆಸೆಯಿಂದ ಎರಡು ಹೆಸರುಗಳಾಗಿ ಎಣಿಕೆಯಾಗುತ್ತವೆ. ಇಂಗ್ಲೆಂಡಿನಲ್ಲಿ ಸ್ಮಿತ್ ಎಂಬುದು ಮೊದಲ ಸ್ಥಾನವನ್ನು ಪಡೆದಿರುವಾಗ ಫ್ರಾನ್ಸಿನಲ್ಲಿ ಕಮ್ಮಾರನು ಕೆಳಗೆ ನಿಂತಿರುವುದಕ್ಕೆ ಪ್ರಾಂತಭೇದವೂ ಲಿಪಿಭೇದವೂ ಅವನ ಹೆಸರನ್ನು ಹಂಚಿಹಾಕಿರುವುದು ಒಂದು ಮುಖ್ಯ ಕಾರಣವೆನ್ನಬಹುದು.

೪. ಪೂರ್ವಪಕ್ಷ

ಇನ್ನು ಸೋಸ್ಯೂರ್ ಅವರ ಅಭಿಪ್ರಾಯವನ್ನು ಸಂಗ್ರಹವಾಗಿ ನಿರೂಪಿಸಬಹುದು. ಭಾಷೆಯೆಂದರೆ ನುಡಿ, ಲಿಪಿಯು ಅದಕ್ಕೆ ಹೊರಗಿನದು. ಆದರೆ ಲಿಪಿಗೆ ಗೌರವ ಹೆಚ್ಚಿದಂತೆಲ್ಲ ಅದು ತನ್ನ ಮಿತಿಯನ್ನು ಮೀರಿ ನುಡಿಯನ್ನು ಆಳತೊಡಗುತ್ತದೆ. ಈ ಕುಲನಾಮಕ್ಕೆ ಲೋಕಸಾಮಾನ್ಯವಾದ ಸರಳ ಬರವಣಿಗೆಯೊಂದು, ಪಂಡಿತರು ವ್ಯುತ್ಪತ್ತಿಯನ್ನು ತೋರಿಸುವುದಕ್ಕಾಗಿ ಬಕಾರವನ್ನು ಸೇರಿಸಿದ ಬರವಣಿಗೆಯೊಂದು, ಹೀಗೆ ಎರಡಿದ್ದವು. ಹಳೆಯ ಲಿಪಿಯಲ್ಲಿ ವಕಾರಕ್ಕೂ ಉಕಾರಕ್ಕೂ ಭೇದವಿಲ್ಲದ್ದರಿಂದ ಎರಡನೆಯದನ್ನು ತಪ್ಪಾಗಿ ಲೆಫೆಬ್ಯೂರ್ ಎಂದು ಓದಿದರು. ಆ ಶಬ್ದದಲ್ಲಿ ಎಂದೂ ಇಲ್ಲದ ಬಕಾರವೂ ಭ್ರಾಂತಿಜನ್ಯವಾದ ಉಕಾರವೂ ಹೀಗೆ ಬಾಯಿಗೆ ಬಂದವು. ಇಂಥವು ಭಾಷೆಯಲ್ಲಿ ಸೇರಿಹೋಗುವುದು ನಿಜ. ಆದರೂ ಅವು ಭಾಷೆಯ ಸಹಜವ್ಯಾಪಾರದಿಂದ ಹುಟ್ಟಿದವಲ್ಲ. ವಿಕೃತಜನ್ಮಗಳಂತೆ ಅವುಗಳನ್ನು ಬೇರೆ ಇರಿಸಿ ಪರೀಕ್ಷಿಸಬೇಕು. ಇದು ಅವರ ಮತ.

ಲಿಪಿಯೇ ಭಾಷೆಯೆಂಬ ಭ್ರಮೆಯನ್ನು ನಿವಾರಿಸುವ ಭಾಗದಲ್ಲಿ ಈ ಮತವು ಸರ್ವಥಾ ಗ್ರಾಹ್ಯವಾಗಿದೆ. ಗುರುಮುಖದಿಂದ ಶ್ರುತಿಯನ್ನು ಉಳಿಸಿಕೊಂಡು ಬಂದ ಸಂಪ್ರದಾಯದಲ್ಲಿ ಬೆಳೆದವರಿಗೆ ಇದು ಹೊಸದೂ ಅಲ್ಲ. ಆದರೆ ಉದಾಹರಣೆಯ ವಿವರಣೆಯಲ್ಲಿ ಮೂರು ಅಂಶಗಳು ಪರೀಕ್ಷೆಗೆ ನಿಲ್ಲುವುದಿಲ್ಲ: ಬಕಾರದ ಪ್ರಯೋಜನವನ್ನು ಹೇಳಿರುವ ಬಗೆ, ರೂಪಗಳ ಪೌರ್ವಾಪರ್ಯ, ಕೊನೆಯದಾಗಿ ‘ವಿಕೃತಿ’ ಎಂಬ ತೀರ್ಮಾನ.

೫. ಬಕಾರದ ಪ್ರಯೋಜನ

ವ್ಯುತ್ಪತ್ತಿಯನ್ನು ತೋರಿಸುವುದಕ್ಕಾಗಿ ಬಕಾರವನ್ನು ಬರೆದರೆಂಬುದು ಅರ್ಧಸತ್ಯ. ಲ್ಯಾಟಿನ್ ಬಲ್ಲ ಲಿಪಿಕಾರರು ಸಾಲವೆಂಬ ಅರ್ಥದ ದೆತ್, ಸಂಶಯವೆಂಬ ಅರ್ಥದ ದೂತ್ ಮುಂತಾದ ಶಬ್ದಗಳಲ್ಲಿ ಕೇಳಿಸದ ಬಕಾರವನ್ನು ಮೂಲವನ್ನು ಸ್ಮರಿಸಿ ಬರೆಯುತ್ತಿದ್ದದ್ದು ಪ್ರಸಿದ್ಧವಾಗಿದೆ. ಆದರೆ ಆ ಶಬ್ದಗಳಲ್ಲಿ ಮೂಲದ ಬಕಾರವು ಪೂರ್ತಿಯಾಗಿ ಲೋಪವಾಗಿತ್ತು. ಬರೆದು ತೋರಿಸದಿದ್ದರೆ ಅದರ ಗುರುತೇ ಇರುತ್ತಿರಲಿಲ್ಲ. ಫೆವ್ರ್ ಎಂಬಲ್ಲಿ ಹಾಗಲ್ಲ. ಮೇಲೆ ಹೇಳಿದಂತೆ ಇಲ್ಲಿನ ವಕಾರವೇ ಬಕಾರದ ಪರಿಣಾಮ. ಮತ್ತೆ ಬಕಾರವನ್ನು ಬರೆದರೆ ಒಂದೇ ವರ್ಣವು ಎರಡು ವೇಷಗಳಲ್ಲಿ ಎರಡು ಸಲ ಬಂದಂತಾಗುತ್ತದೆ. ಹೀಗಿರಲು ಬೇರೊಂದು ಪ್ರಯೋಜನವನ್ನು ಹುಡುಕಬೇಕಾಗುತ್ತದೆ.

ಆ ಪ್ರಯೋಜನವು ಅಂದಿನ ಲಿಪಿಯ ಸ್ವಭಾವದಿಂದಲೇ ವಿದಿತವಾಗುತ್ತದೆ. ಮಧ್ಯಯುಗದ ಬರವಣಿಗೆಯಲ್ಲಿ ಉಕಾರ ವಕಾರಗಳಿಗೆ ಪ್ರತ್ಯೇಕ ಅಕ್ಷರಗಳಿರಲಿಲ್ಲ. ಶಬ್ದದ ನಡುವೆ ಎರಡಕ್ಕೂ ಒಂದೇ ಚಿಹ್ನೆಯನ್ನು ಬರೆಯುತ್ತಿದ್ದರು. ಆದುದರಿಂದ ಫೆವ್ರ್ ಎಂಬುದನ್ನು ಬರೆದಾಗ ಅದನ್ನು ನಡುವೆ ಸ್ವರವಿರುವ ಶಬ್ದವೆಂದು ಓದುವುದಕ್ಕೂ ಅವಕಾಶವಿತ್ತು. ಆ ಚಿಹ್ನೆಯ ಹಿಂದೆ ಬಕಾರವನ್ನಿಟ್ಟರೆ ಮುಂದಿರುವುದು ವ್ಯಂಜನವೆಂದು ಓದುಗನಿಗೆ ಸೂಚನೆ ದೊರೆಯುತ್ತಿತ್ತು. ಮೂಲದಲ್ಲಿ ಬಕಾರವಿದ್ದದ್ದು ಈ ಕೆಲಸಕ್ಕೆ ಆ ಅಕ್ಷರವನ್ನೇ ಆರಿಸಿಕೊಳ್ಳಲು ಅನುಕೂಲವಾಯಿತು.

ಈ ಬಗೆಯ ಸೂಚಕಾಕ್ಷರಗಳು ಆ ಕಾಲದಲ್ಲಿದ್ದವೆಂಬುದಕ್ಕೆ ನಿರ್ವಿವಾದವಾದ ಪ್ರಮಾಣವುಂಟು. ಎಣ್ಣೆಯನ್ನು ಹೇಳುವ ಯುಯೀಲ್, ಸಿಂಪಿಯನ್ನು ಹೇಳುವ ಯುಯೀತ್ರ್ ಎಂಬ ಶಬ್ದಗಳ ಮೊದಲಲ್ಲಿ ಫ್ರೆಂಚರು ಇಂದಿಗೂ ಹಕಾರವನ್ನು ಬರೆಯುತ್ತಾರೆ. ಇವುಗಳ ಲ್ಯಾಟಿನ್ ಮೂಲಗಳಾದ ಓಲೆಉಮ್, ಓಸ್ತ್ರೆಆ ಎಂಬವುಗಳಲ್ಲಿ ಹಕಾರದ ಸುಳಿವೇ ಇಲ್ಲ, ಉಚ್ಚಾರಣೆಯಲ್ಲಿಯೂ ಇಲ್ಲ. ಹಕಾರವಿಲ್ಲದಿದ್ದರೆ ಮೊದಲ ಚಿಹ್ನೆಯನ್ನು ವಕಾರವೆಂದು ತಿಳಿದು ಬೇರೆ ಶಬ್ದಗಳೆಂದು ಓದುವ ಸಂಭವವಿದ್ದುದರಿಂದ, ಮುಂದಿರುವುದು ಸ್ವರವೆಂದು ತೋರಿಸಲು ಲಿಪಿಕಾರರು ಅದನ್ನು ಸೇರಿಸಿದರು. ಅಲ್ಲಿ ಹಕಾರವು ಸ್ವರವನ್ನು ಕಾಪಾಡಿತು; ಇಲ್ಲಿ ಬಕಾರವು ವ್ಯಂಜನವನ್ನು ಕಾಪಾಡಿತು.

ಪಾಣಿನೀಯವನ್ನು ಓದಿದವರಿಗೆ ಇಂಥ ಅಕ್ಷರದ ಸ್ವಭಾವವನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಕೃ ಧಾತುವಿನ ಮೇಲೆ ಕ್ತ ಪ್ರತ್ಯಯವನ್ನು ವಿಧಿಸಿದಾಗ ಸಿದ್ಧವಾಗುವ ರೂಪ ಕೃತ ಎಂದು. ಪ್ರತ್ಯಯದ ಮೊದಲಲ್ಲಿರುವ ಕಕಾರವು ಧಾತುವಿಗೆ ಗುಣವನ್ನು ತಡೆದು, ತನ್ನ ಕೆಲಸವನ್ನು ತೀರಿಸಿ ಲೋಪವಾಗುತ್ತದೆ. ಅದು ಇತ್ಸಂಜ್ಞೆಯುಳ್ಳ ಅನುಬಂಧ. ಕಾರ್ಯಕ್ಕಾಗಿ ಇರುವಂಥದು, ಶ್ರವಣಕ್ಕಾಗಿ ಅಲ್ಲ. ಲೆಫೆಬ್‌ವ್ರ್ ಎಂಬಲ್ಲಿನ ಬಕಾರವು ಲಿಪಿಯಲ್ಲಿನ ಅನುಬಂಧ. ಅನುಬಂಧದ ಸಂಕೇತವನ್ನು ಅರಿಯದವನೊಬ್ಬನು ಕೃತ ಎಂಬುದಕ್ಕೆ ಬದಲಾಗಿ ಕೃಕ್ತ ಎಂದು ನುಡಿದರೆ ಏನಾಗುವುದೋ ಅದೇ ಲೆಫೆಬ್ಯೂರ್ ಎಂಬಲ್ಲಿ ಆಗಿದೆ. ವ್ಯಂಜನವನ್ನು ಕಾಪಾಡಬೇಕೆಂದು ಇರಿಸಿದ ಅಕ್ಷರವು ತಾನೇ ಉಚ್ಚಾರಣೆಗೆ ಬಂದು, ಕಾಪಾಡಬೇಕಾಗಿದ್ದ ವ್ಯಂಜನವನ್ನು ಸ್ವರವಾಗಿ ಮಾಡಿಬಿಟ್ಟಿತು.

ಪಾಣಿನಿಯ ಅನುಬಂಧಗಳು ಸೂತ್ರಪಾಠದಲ್ಲಿ ಬಾಯಿಂದ ಹೇಳಲ್ಪಡುವಂಥವು, ಲಿಪಿಯನ್ನು ಅವಲಂಬಿಸಿದವಲ್ಲ. ಆದಕಾರಣ ಹೋಲಿಕೆಯು ಸಲ್ಲದೆಂದು ಆಕ್ಷೇಪಿಸಬಹುದು. ಭೇದವಿರುವುದು ನಿಜ. ಆದರೆ ಹೋಲಿಕೆಯು ಆಧಾರದಲ್ಲಿ ಅಲ್ಲ, ಕಾರ್ಯದಲ್ಲಿ. ಎರಡೂ ಉಪದೇಶದ ದಶೆಯಲ್ಲಿದ್ದು ಪ್ರಯೋಗದಲ್ಲಿ ಕಾಣಿಸದೆ ಹೋಗುತ್ತವೆ; ಎರಡೂ ಸಂಕೇತವನ್ನು ಬಲ್ಲವರಿಂದ ಬಲ್ಲವರಿಗೆ ಬಂದಾಗ ಮಾತ್ರ ಸರಿಯಾಗಿ ಅರ್ಥವಾಗುತ್ತವೆ. ಸೋಸ್ಯೂರ್ ಅವರು ಸಂಸ್ಕೃತದ ಷಷ್ಠೀಪ್ರಯೋಗವನ್ನು ಕುರಿತು ಪ್ರಬಂಧವನ್ನು ಬರೆದು ಪಂಡಿತಪದವಿಯನ್ನು ಪಡೆದವರು. ಭಾರತೀಯ ವ್ಯಾಕರಣದ ಈ ಸಾಮಗ್ರಿಯು ಕೈಯಲ್ಲಿದ್ದರೂ ಈ ಕುಲನಾಮದ ವಿವರಣೆಯಲ್ಲಿ ಅದು ಉಪಯೋಗಿಸಲ್ಪಡದಿರುವುದು ಒಂದು ನ್ಯೂನತೆಯೆಂದೇ ಹೇಳಬೇಕು. ದೋಷವು ಲಿಪಿಯದೆಂದು ಅವರು ಹೇಳಿದರು. ವಸ್ತುತಃ ಅದು ಲಿಪಿಯ ಸಂಕೇತವನ್ನು ತಿಳಿಸಿಕೊಡುವ ಪರಂಪರೆಯು ಕಡಿದುಹೋದುದರ ಫಲ.

೬. ರೂಪಗಳ ಪೌರ್ವಾಪರ್ಯ

ಬಕಾರ ವಕಾರಗಳೆರಡೂ ಸ್ಪಷ್ಟವಾಗಿದ್ದ ರೂಪವನ್ನು ಯಾರೋ ತಪ್ಪಾಗಿ ಓದಿದ್ದರಿಂದ ಮೂರನೆಯದು ಹುಟ್ಟಿತೆಂಬ ಭಾವನೆಯು ಮೇಲೆ ಸಂಗ್ರಹಿಸಿದ ವಿವರಣೆಯಿಂದ ಉಂಟಾಗುತ್ತದೆ. ಹಸ್ತಲಿಪಿಗಳ ಕಾಲದ ಸ್ಥಿತಿಯನ್ನು ನೋಡಿದರೆ ಕ್ರಮವು ಬೇರೆಯಾಗಿ ತೋರುತ್ತದೆ. ಆಗ ಇದ್ದದ್ದು ಒಂದೇ ಬರವಣಿಗೆ. ಅದರಲ್ಲಿ ಬಕಾರದ ಮುಂದೆ ಉಕಾರವಕಾರಸಾಧಾರಣವಾದ ಚಿಹ್ನೆಯಿತ್ತು. ಈ ಎರಡು ಅಕ್ಷರಗಳನ್ನು ಬೇರ್ಪಡಿಸಬೇಕೆಂಬ ಪ್ರಯತ್ನವು ೧೬ನೆಯ ಶತಮಾನದಲ್ಲಿ ಆರಂಭವಾಗಿ, ಫ್ರೆಂಚ್ ಅಕಾಡೆಮಿಯ ಕೋಶದಲ್ಲಿ ಅವು ಪ್ರತ್ಯೇಕ ಅಕ್ಷರಗಳೆಂದು ವಿಂಗಡವಾದದ್ದು ೧೭೬೨ರ ಆವೃತ್ತಿಯಲ್ಲಿ. ಭೇದವು ಬಂದಾಗ ಹಳೆಯ ಸಾಧಾರಣ ಚಿಹ್ನೆಯನ್ನು ಹೊಸ ಅಕ್ಷರಗಳಲ್ಲಿ ಯಾವುದಾಗಿ ಬರೆಯಬೇಕೆಂದು ಪ್ರತಿಯೊಂದು ದಾಖಲೆಯಲ್ಲಿಯೂ ನಿರ್ಣಯಿಸಬೇಕಾಯಿತು. ಉಚ್ಚಾರಣೆಯನ್ನು ಬಲ್ಲವನು ವಕಾರವನ್ನು ಬರೆದನು. ಕಣ್ಣಿಗೆ ಕಂಡ ಆಕಾರವನ್ನು ಅನುಸರಿಸಿದವನು ಉಕಾರವನ್ನು ಬರೆದನು. ಹೀಗೆ ಎರಡನೆಯ ಮೂರನೆಯ ರೂಪಗಳಲ್ಲಿ ಒಂದು ತಾಯಿ, ಇನ್ನೊಂದು ಮಗಳು ಎಂಬ ಸಂಬಂಧವಿಲ್ಲ. ಒಂದೇ ಹಸ್ತಲಿಪಿರೂಪದ ಎರಡು ಲಿಪ್ಯಂತರಗಳು ಅವು.

ಸಾಮಾನ್ಯ ಶಬ್ದಗಳಲ್ಲಿ ಇಂಥ ಅಕ್ಷರಗಳು ಬಿದ್ದುಹೋಗಿ ಕುಲನಾಮದಲ್ಲಿ ಮಾತ್ರ ಉಳಿದದ್ದೇಕೆಂಬುದೂ ಇಲ್ಲಿ ವಿಚಾರಿಸತಕ್ಕದ್ದು. ಅಕಾಡೆಮಿಯ ಕೋಶದ ೧೭೪೦ರ ಆವೃತ್ತಿಯಲ್ಲಿ ಕೇಳಿಸದ ಅಕ್ಷರಗಳು ಬಹುವಾಗಿ ತೆಗೆದುಹಾಕಲ್ಪಟ್ಟವು. ಅಕ್ಕಸಾಲೆಯ ವಾಚಕವಾದ ಓರ್‌ಫೆವ್ರ್ ಎಂಬುದಕ್ಕೂ ಹಿಂದೆ ಬಕಾರದ ಬರವಣಿಗೆಯಿತ್ತು, ಇಂದು ಇಲ್ಲ. ಅದು ಬಳಕೆಯ ಶಬ್ದ, ಕೋಶದ ಶಾಸನಕ್ಕೆ ಒಳಪಟ್ಟದ್ದು. ಬಿಡಿಯಾದ ಫೆವ್ರ್ ಎಂಬುದು ಬಳಕೆಯಿಂದ ತಪ್ಪಿ ಕುಲನಾಮವಾಗಿ ಮಾತ್ರ ನಿಂತಿದ್ದರಿಂದ ಕೋಶಕಾರರ ಕೈ ಅದಕ್ಕೆ ತಾಗಲಿಲ್ಲ.

ಕುಲನಾಮವನ್ನು ಆಳಿದ ಶಾಸನವು ಬೇರೆ. ವಿಲೇರ್ ಕೋತ್ರೇ ಎಂಬಲ್ಲಿ ೧೫೩೯ರಲ್ಲಿ ಹೊರಟ ರಾಜಶಾಸನವು ದೀಕ್ಷಾಸ್ನಾನಗಳನ್ನು ಪುಸ್ತಕದಲ್ಲಿ ದಾಖಲಿಸಬೇಕೆಂದು ಪಾದ್ರಿಗಳಿಗೆ ವಿಧಿಸಿತು. ಕ್ರಾಂತಿಯ ಕಾಲದಲ್ಲಿ, ೧೭೯೪ನೆಯ ಆಗಸ್ಟ್ ೨೩ರ ಕಾನೂನು, ಜನನಪತ್ರದಲ್ಲಿರುವುದಕ್ಕಿಂತ ಬೇರೆ ಹೆಸರನ್ನು ಯಾರೂ ಧರಿಸಕೂಡದೆಂದು ನಿಷೇಧಿಸಿತು. ೧೮೭೭ರಿಂದ ಮನೆಮನೆಗೂ ಕುಟುಂಬದ ಕೈಪುಸ್ತಕವನ್ನು ಕೊಡುವ ಪದ್ಧತಿ ಬಂದು ಬರವಣಿಗೆಯು ಇನ್ನಷ್ಟು ದೃಢವಾಯಿತು. ಒಬ್ಬ ಪಾದ್ರಿಯ ಅಥವಾ ಗುಮಾಸ್ತನ ಲೇಖನಿಯಿಂದ ಬಂದ ಬಕಾರ ಉಕಾರಗಳು ಹೀಗೆ ಕಾನೂನಿನ ಬಲದಿಂದ ಆ ಮನೆತನಕ್ಕೆ ಶಾಶ್ವತವಾದವು.

೭. ವಿಕೃತಿಯೆಂಬ ತೀರ್ಮಾನ

ಲೆಫೆಬ್ಯೂರ್ ಎಂಬುದನ್ನು ವಿಕೃತಿಯೆನ್ನುವುದಾದರೆ, ಅದೇ ಮೂಲದಿಂದ ಬಂದ ದಕ್ಷಿಣದ ಫೋರ್ ಎಂಬುದನ್ನು ಏನೆನ್ನಬೇಕು? ಓಕ್ ಪ್ರದೇಶದ ಭಾಷೆಯಲ್ಲಿ ಫಾಬ್ರುಮ್ ಎಂಬುದರ ಬಕಾರವು ಬಾಯಲ್ಲಿಯೇ ಉಕಾರವಾಗಿ ಫಾಉರೆ ಎಂದಾಯಿತು. ಅಲ್ಲಿ ಅಕಾರ ಉಕಾರಗಳೆರಡೂ ಕೇಳಿಸುತ್ತಿದ್ದವು. ಅದನ್ನು ಹಾಗೆಯೇ ಬರೆದರು. ಉತ್ತರದ ಫ್ರೆಂಚಿನಲ್ಲಿ ಆ ಎರಡು ಅಕ್ಷರಗಳ ಜೋಡಿಯು ಓಕಾರವನ್ನು ಸೂಚಿಸುವುದರಿಂದ, ಬರವಣಿಗೆಯನ್ನು ಉತ್ತರದ ನಿಯಮದಂತೆ ಓದಿ ಫೋರ್ ಎಂದರು. ೧೮೯೫ರಿಂದ ೧೮೯೯ರವರೆಗೆ ಫ್ರಾನ್ಸಿನ ಅಧ್ಯಕ್ಷರಾಗಿದ್ದ ಫೇಲಿಕ್ಸ್ ಫೋರ್ ಅವರ ಹೆಸರನ್ನು ದೇಶವೆಲ್ಲ ಹೀಗೆಯೇ ಕರೆಯಿತು. ಇದೂ ಲಿಪಿಯಿಂದ ಬಂದ ಉಚ್ಚಾರಣೆಯೇ. ಆದರೂ ಇದನ್ನು ಯಾರೂ ವಿಕೃತಜನ್ಮಗಳ ಸಾಲಿನಲ್ಲಿ ನಿಲ್ಲಿಸುವುದಿಲ್ಲ. ವಿದ್ಯಮಾನ ಒಂದೇ ಆಗಿರುವಾಗ ಒಂದನ್ನು ಸಹಜವೆಂದೂ ಇನ್ನೊಂದನ್ನು ಅಸಹಜವೆಂದೂ ಎಣಿಸುವುದಕ್ಕೆ ಹೇತುವಿಲ್ಲ.

ಇದಕ್ಕಿಂತಲೂ ಬಲವಾದ ಆಕ್ಷೇಪವು ಸೋಸ್ಯೂರ್ ಅವರ ಸ್ವಂತ ಸಿದ್ಧಾಂತದಿಂದಲೇ ಏಳುತ್ತದೆ. ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವು ಸ್ವಭಾವಸಿದ್ಧವಲ್ಲ, ಜನಸಮುದಾಯದ ಸಂಕೇತದಿಂದ ನಿಂತದ್ದು ಎಂದು ಅವರೇ ಪ್ರತಿಪಾದಿಸಿದ್ದಾರೆ. ಸಂಕೇತವು ನಿಂತಮೇಲೆ ಅದು ಹುಟ್ಟಿದ ಬಗೆಯನ್ನು ಹಿಡಿದು ಶಬ್ದವನ್ನು ಉಚ್ಚ ನೀಚವೆಂದು ಎಣಿಸುವುದು ಆ ಸಿದ್ಧಾಂತಕ್ಕೆ ವಿರುದ್ಧ. ಸಾಮಾನ್ಯ ಶಬ್ದಗಳಲ್ಲಿ ಅರ್ಥವು ಇನ್ನೂ ಯೋಗವನ್ನು ಅಪೇಕ್ಷಿಸಬಹುದು. ಕುಲನಾಮದಲ್ಲಿ ಅದೂ ಇಲ್ಲ. ದರ್ಭೆಯನ್ನು ತರುವವನೆಂಬ ಅವಯವಾರ್ಥವು ಕುಶಲ ಶಬ್ದದಲ್ಲಿ ಮರೆಯಾಗಿ ದಕ್ಷನೆಂಬ ಅರ್ಥವು ರೂಢವಾದಂತೆ, ಕಮ್ಮಾರನೆಂಬ ಅರ್ಥವು ಲೆಫೆವ್ರ್ ಎಂಬುದರಲ್ಲಿ ಮರೆಯಾಗಿದೆ. ಚರಿತ್ರಕಾರರಾದ ಲೆಫೆವ್ರರನ್ನು ಕರೆಯುವಾಗ ಕುಲುಮೆಯ ಸ್ಮರಣೆ ಯಾರಿಗೂ ಬರುವುದಿಲ್ಲ. ವೃತ್ತಿಯನ್ನು ಹೇಳುವ ಶಬ್ದವಾಗಿ ಹುಟ್ಟಿ, ವ್ಯಾಕರಣಭಾಷ್ಯಕಾರರು ಯದೃಚ್ಛಾಶಬ್ದವೆಂದು ಕರೆಯುವ ವರ್ಗಕ್ಕೆ ಅದು ಸೇರಿಹೋಯಿತು. ಯದೃಚ್ಛಾಶಬ್ದಕ್ಕೆ ವ್ಯುತ್ಪತ್ತಿಯು ಚರಿತ್ರೆಯೇ ಹೊರತು ಪ್ರಮಾಣವಲ್ಲ.

ಹೆಸರಿನಲ್ಲಿ ಯೋಗಾರ್ಥವು ಎಷ್ಟು ದುರ್ಬಲವೆಂಬುದಕ್ಕೆ ಸಮುದ್ರದ ಆಚೆಯ ಒಂದು ನಿದರ್ಶನವನ್ನು ಕೊಡಬಹುದು. ಕೆನಡದ ಫ್ರೆಂಚರಲ್ಲಿಯೂ ಈ ಹೆಸರು ಬಹಳ. ಅವರಲ್ಲಿ ಕೆಲವರು ಅಮೆರಿಕದ ಸಂಯುಕ್ತಸಂಸ್ಥಾನಗಳಿಗೆ ಹೋಗಿ ನೆಲೆಸಿದಾಗ ಹೆಸರನ್ನು ಆಂಗ್ಲಭಾಷೆಗೆ ಪರಿವರ್ತಿಸಿಕೊಂಡರು. ಆಡುಮಾತಿನಲ್ಲಿ ಕೊನೆಯ ರೇಫವು ಕೇಳಿಸದೆ ಹೋಗುವುದರಿಂದ ಹೆಸರು ಅವರೆಯ ಜಾತಿಯ ಕಾಳನ್ನು ಹೇಳುವ ಫೆವ್ ಎಂಬ ಶಬ್ದದಂತೆ ತೋರಿ, ಕೆಲವು ಮನೆತನಗಳಿಗೆ ಸ್ಮಿತ್ ಎಂದಾಗುವುದಕ್ಕೆ ಬದಲಾಗಿ ಬೀನ್ ಎಂದಾಯಿತು. ಕಮ್ಮಾರನು ಕಾಳಾದನು, ಆದರೂ ಆ ಹೆಸರು ತನ್ನ ಕೆಲಸವನ್ನು ಕುಂದಿಲ್ಲದೆ ಮಾಡುತ್ತಿದೆ.

ಇಂಥ ಸಂದರ್ಭದಲ್ಲಿ ನಿರ್ಣಾಯಕವಾದದ್ದು ಯಾವುದೆಂಬ ಪ್ರಶ್ನೆಯನ್ನು ಮೀಮಾಂಸಕರು ಬಹು ಹಿಂದೆಯೇ ಎತ್ತಿ ತೀರ್ಮಾನಿಸಿದ್ದಾರೆ. ವೇದದಲ್ಲಿ ಬರುವ ಪಿಕ, ನೇಮ, ತಾಮರಸ ಮುಂತಾದ ಶಬ್ದಗಳು ಆರ್ಯರಲ್ಲಿ ಬಳಕೆಯಲ್ಲಿಲ್ಲ, ಮ್ಲೇಚ್ಛರಲ್ಲಿವೆ. ನಿರುಕ್ತ ವ್ಯಾಕರಣಗಳಿಂದ ಅವುಗಳಿಗೆ ಅರ್ಥವನ್ನು ಕಲ್ಪಿಸಬೇಕೋ, ಬಳಸುವವರಿಂದಲೇ ತಿಳಿಯಬೇಕೋ ಎಂದು ಸಂಶಯ. ಬಳಸುವವರ ಪ್ರಸಿದ್ಧಿಯೇ ಗ್ರಾಹ್ಯವೆಂದು ಸಿದ್ಧಾಂತ. ಪರಭಾಷೆಯ ಕುಲನಾಮಗಳ ವಿಷಯದಲ್ಲಿ ಈ ನ್ಯಾಯವು ನೇರವಾಗಿ ಅನ್ವಯಿಸುತ್ತದೆ. ಹೆಸರನ್ನು ಧರಿಸಿದವರು ಹೇಗೆ ನುಡಿಯುವರೋ ಅದೇ ಅದರ ಸಾಧುರೂಪ. ಫ್ರೆಂಚ್ ಮಾನವತಾವಾದಿಗಳಲ್ಲಿ ಅಗ್ರಗಣ್ಯನೂ ಬೈಬಲ್ಲನ್ನು ಫ್ರೆಂಚ್ ಭಾಷೆಗೆ ಪರಿವರ್ತಿಸಿದವನೂ ಆದ ಝಾಕ್ ಲೆಫೆವ್ರನು ಲ್ಯಾಟಿನ್ನಿನಲ್ಲಿ ತನ್ನ ಹೆಸರನ್ನು ಫಾಬೆರ್ ಎಂದೇ ಬರೆದುಕೊಂಡನು. ಪ್ಯಾರಿಸಿನ ಆರ್ಗನ್ ವಾದಕನೂ ರಾಗಸಂಯೋಜಕನೂ ಆಗಿದ್ದ ಲೆಫೆಬ್ಯೂರ್ ವೇಲೀ (೧೮೧೭–೧೮೬೯), ಈಜಿಪ್ಟಿನ ಪ್ರಾಚೀನ ಲಿಪಿಗಳ ವಿದ್ವಾಂಸನಾದ ಯೂಜೆನ್ ಲೆಫೆಬ್ಯೂರ್ (೧೮೩೮–೧೯೦೮) ಇವರು ಬಕಾರ ಉಕಾರಗಳೊಡನೆ ಪ್ರಸಿದ್ಧರಾದರು. ಮೂಲವು ಒಂದೇ ಎಂದು ಇವರೆಲ್ಲರನ್ನೂ ಒಂದೇ ರೂಪಕ್ಕೆ ಎಳೆಯುವುದು ಹೇಗೆ ಅಯುಕ್ತವೋ, ಮೂಲಕ್ಕೆ ದೂರವೆಂದು ಒಂದು ರೂಪವನ್ನು ಹೀನವೆನ್ನುವುದೂ ಹಾಗೆಯೇ ಅಯುಕ್ತ.

೮. ನಿಗಮನ

ಮೇಲಿನ ವಿಚಾರದಿಂದ ಸಿದ್ಧವಾಗುವುದಿಷ್ಟು. ಲೆಫೆವ್ರ್ ಎಂಬುದರ ವ್ಯುತ್ಪತ್ತಿಯು ಲ್ಯಾಟಿನ್ನಿನ ಫಾಬೆರ್ ಎಂಬುದರಿಂದ, ಅರ್ಥವು ಕಮ್ಮಾರನೆಂದು, ಅದರ ಪ್ರಾಚುರ್ಯವು ಊರಿಗೊಬ್ಬ ಕಮ್ಮಾರನಿದ್ದುದರಿಂದ. ಎರಡನೆಯ ರೂಪದ ಬಕಾರವು ಪಾಂಡಿತ್ಯಪ್ರದರ್ಶನವಷ್ಟೇ ಅಲ್ಲ, ವಕಾರವನ್ನು ಸೂಚಿಸುವ ಅನುಬಂಧ. ಮೂರನೆಯ ರೂಪವು ಆ ಸಂಕೇತವು ಮರೆತುಹೋದಾಗ ಹುಟ್ಟಿ, ದಾಖಲೆಯಿಂದ ಸ್ಥಿರವಾಗಿ, ಕುಲದವರ ಬಳಕೆಯಿಂದ ರೂಢವಾದದ್ದು. ಅದನ್ನು ವಿಕೃತಿಯೆನ್ನದೆ ರೂಢಿಯೆನ್ನುವುದೇ ನ್ಯಾಯ. ಲಿಪಿಯು ನುಡಿಯ ಮೇಲೆ ಪ್ರಭಾವ ಬೀರುತ್ತದೆಂಬ ಸೋಸ್ಯೂರ್ ಅವರ ದರ್ಶನಕ್ಕೆ ಇದರಿಂದ ಹಾನಿಯಿಲ್ಲ. ಅವರು ಕೊಟ್ಟ ಕಾರಣವು ಮಾತ್ರ ಪರಿಷ್ಕಾರವನ್ನು ಅಪೇಕ್ಷಿಸುತ್ತದೆ.

ಕನ್ನಡದಲ್ಲಿ ಬರೆಯುವವರಿಗೂ ಬೋಧಿಸುವವರಿಗೂ ಇದರಿಂದ ಒಂದು ಪ್ರಯೋಜನವುಂಟು. ಮೈಸೂರು ಸೀಮೆಯಲ್ಲಿ ಬಹುಕಾಲವಿದ್ದು ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತು ಗ್ರಂಥವನ್ನು ಬರೆದ ಪಾದ್ರಿಯ ಹೆಸರನ್ನು ಫ್ರೆಂಚರು ದ್ಯುಬ್ವಾ ಎನ್ನುತ್ತಾರೆ. ಅಕ್ಷರಗಳನ್ನು ಆಂಗ್ಲರೀತಿಯಲ್ಲಿ ಓದಿ ದುಬಾಯ್ ಎಂದು ಕನ್ನಡದಲ್ಲಿ ಬರೆಯುವುದುಂಟು. ಲೆಫೆಬ್ಯೂರ್ ಹುಟ್ಟಿದ ದಾರಿಯೇ ಇದು. ಭೇದವೇನೆಂದರೆ, ಲೆಫೆಬ್ಯೂರ್ ಎಂಬುದನ್ನು ಆ ಹೆಸರಿನವರೇ ಅಂಗೀಕರಿಸಿದ್ದಾರೆ, ದುಬಾಯ್ ಎಂಬುದಕ್ಕೆ ಆ ಅಂಗೀಕಾರವಿಲ್ಲ. ಕನ್ನಡ ಲಿಪಿಯು ನುಡಿದದ್ದನ್ನೇ ಬರೆಯುವ ಲಿಪಿಯಾದುದರಿಂದ ಕೇಳಿಸದ ಅಕ್ಷರವನ್ನು ಅದರಲ್ಲಿ ಬರೆದರೆ ಓದುಗನು ಅದನ್ನು ನುಡಿದೇ ನುಡಿಯುವನು. ಆದಕಾರಣ ಚರಿತ್ರಕಾರರ ಹೆಸರನ್ನು ಬಕಾರವಿಲ್ಲದೆ ಲೆಫೆವ್ರ್ ಎಂದೂ, ರಾಗಸಂಯೋಜಕನ ಹೆಸರನ್ನು ಬಕಾರಸಹಿತವಾಗಿ ಲೆಫೆಬ್ಯೂರ್ ಎಂದೂ ಬರೆಯುವುದು ಯುಕ್ತ. ಒಂದೇ ಮೂಲದ ಹೆಸರುಗಳನ್ನು ಎರಡು ಬಗೆಯಾಗಿ ಬರೆದುದೇಕೆಂದು ವಿದ್ಯಾರ್ಥಿಗಳು ಕೇಳಿದರೆ ಬಕಾರದ ಈ ವೃತ್ತಾಂತವನ್ನು ಅಧ್ಯಾಪಕರು ಹೇಳಬಹುದು.